ಕಾದಂಬರಿ ಅಂದರೆ ಮೊದಲು ಒಬ್ಬ ಹುಡುಗಿ

ಹೋದ ತಿಂಗಳು ತಂಗಿಯ ಮಗಳು ಫೋನ್ ಮಾಡಿದ್ದಳು. ಅವಳು ಓದುವುದೆಲ್ಲ ಇಂಗ್ಲಿಷ್. ಅದರಲ್ಲೂ 'ಕ್ಲೀನ್ ರೊಮಾನ್ಸ್' ಅಂತ ಒಂದು ಬಗೆ ಇದೆಯಂತೆ, ಅದೇ ಜಾಸ್ತಿ. ಪ್ರೀತಿ ಬೇಕಾದಷ್ಟಿರುತ್ತದೆ, ಮಲಗುವ ಕೋಣೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. ಅದರ ಜೊತೆ ಹಳೇ ಕಾಲದ ಅರಮನೆ, ಕುದುರೆ, ದೀಪದ ಬೆಳಕು ಇದ್ದರಂತೂ ಊಟ ತಿಂಡಿ ಮರೆತು ಓದುತ್ತಾಳೆ. "ದೊಡ್ಡಮ್ಮ, ಇಂಥ ಪುಸ್ತಕಕ್ಕೆ ಕನ್ನಡದಲ್ಲಿ ಏನಂತಾರೆ?" ಅಂತ ಕೇಳಿದಳು.

"ಕಾದಂಬರಿ ಅಂತಾರೆ" ಅಂದೆ.

ತಮಾಷೆ ಮಾಡ್ತಿದ್ದೀನಿ ಅಂದುಕೊಂಡು ನಕ್ಕಳು. ಅರ್ಧ ತಮಾಷೆಯೇ. ಇನ್ನರ್ಧ ನಿಜ. ನಾವು ಯಾವ ದಪ್ಪ ಕಥೆ ಪುಸ್ತಕಕ್ಕಾದರೂ ಸುಮ್ನೆ ಅಂಟಿಸುವ ಈ ಪದ ಮೊದಲು ಒಬ್ಬ ಹುಡುಗಿಯ ಹೆಸರು. ಅದೂ ಪ್ರೀತಿಸಿ, ಬಹಳ ಕಾಲ ಕಾದು ಕೂತ ಹುಡುಗಿ.

ಅವಳನ್ನು ನಮಗೆ ಕೊಟ್ಟವನು ಬಾಣಭಟ್ಟ, 7ನೇ ಶತಮಾನದವನು. ಉತ್ತರದ ಹರ್ಷವರ್ಧನನ ಆಸ್ಥಾನದಲ್ಲಿದ್ದ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ನರ್ಮದೆಯ ಹತ್ತಿರ ತಡೆದು ನಿಲ್ಲಿಸಿದನಲ್ಲ, ಅದೇ ಹರ್ಷ. ಬಾಣ ಸಂಸ್ಕೃತ ಗದ್ಯದಲ್ಲಿ ಬರೆದ ಕಥೆಯ ಹೆಸರು 'ಕಾದಂಬರಿ'. ಮುಗಿಸುವ ಮೊದಲೇ ತೀರಿಕೊಂಡ. ಉಳಿದದ್ದನ್ನು ಬರೆದು ಪೂರ್ತಿ ಮಾಡಿದವನು ಅವನ ಮಗ.

ಕಥೆ ಹೇಳುವುದು ಒಂದು ಗಿಳಿ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಕಿನ್ನರರ ಜೋಡಿಯೊಂದನ್ನು ಅಟ್ಟಿಸಿಕೊಂಡು ಹೋಗಿ ದಾರಿ ತಪ್ಪುತ್ತಾನೆ. ಅಚ್ಛೋದ ಎಂಬ ಸರೋವರದ ದಡಕ್ಕೆ ಬರುತ್ತಾನೆ. ವೀಣೆಯ ದನಿ ಕೇಳುತ್ತದೆ. ನುಡಿಸುತ್ತಿದ್ದವಳು ಮಹಾಶ್ವೇತೆ, ಪ್ರೀತಿಸಿದವನನ್ನು ಕಳೆದುಕೊಂಡು ತಪಸ್ಸಿಗೆ ಕೂತವಳು. ಅವಳ ಗೆಳತಿಯೇ ಗಂಧರ್ವರ ರಾಜಕುಮಾರಿ ಕಾದಂಬರಿ. ಗೆಳತಿಯ ದುಃಖ ತೀರುವವರೆಗೆ ತಾನೂ ಮದುವೆಯಾಗುವುದಿಲ್ಲ ಅಂತ ಹಟ ಹಿಡಿದವಳು. ಚಂದ್ರಾಪೀಡನನ್ನು ನೋಡಿದ್ದೇ ಆ ಹಟ ಅಲುಗಾಡುತ್ತದೆ. ಅಷ್ಟರಲ್ಲಿ ಅಪ್ಪನ ಕಾಗದ ಬಂದು ಅವನು ಊರಿಗೆ ಹೊರಡಬೇಕಾಗುತ್ತದೆ. ಆಮೇಲೆ ಶಾಪ, ಸಾವು, ಮರುಜನ್ಮ ಎಲ್ಲ ಬರುತ್ತವೆ. ಅವನು ಎದೆಯೊಡೆದು ಸತ್ತಾಗ ಕಾದಂಬರಿಯೂ ಸಾಯಲು ಹೊರಡುತ್ತಾಳೆ. 'ಈ ದೇಹ ಕೆಡುವುದಿಲ್ಲ, ಕಾಯ್ದುಕೋ' ಅಂತ ಆಕಾಶದಿಂದ ಒಂದು ದನಿ ಹೇಳುತ್ತದೆ. ಅವಳು ಕಾಯುತ್ತಾಳೆ. ಕೊನೆಗೊಂದು ವಸಂತದಲ್ಲಿ ಅವಳ ಅಪ್ಪುಗೆಗೆ ಅವನು ಕಣ್ಣು ಬಿಡುತ್ತಾನೆ.

'ಕಾದಂಬರಿ'ಯಲ್ಲಿ 'ಕಾದ' ಅನ್ನುವ ಕನ್ನಡ ಪದ ಕಾಣುತ್ತದಲ್ಲ, ಅದು ಆಕಸ್ಮಿಕ. ಅದನ್ನು ಹಿಡಿದುಕೊಂಡು ಯಾರೂ ವ್ಯುತ್ಪತ್ತಿ ಹೇಳಲು ಹೋಗಬೇಡಿ. ಪದ ಬಂದಿರುವುದು ಕದಂಬ ಮರದಿಂದ. ಕದಂಬದ ಹೂವಿನಿಂದ ಇಳಿಸಿದ ಮದ್ಯಕ್ಕೂ ಸಂಸ್ಕೃತದಲ್ಲಿ ಕಾದಂಬರಿ ಅಂತಲೇ ಹೆಸರು. (ಬನವಾಸಿಯ ಕದಂಬರ ಹೆಸರೂ ಅದೇ ಮರದ್ದು.) ಬಾಣನ ಮಗನಿಗೆ ಈ ಎರಡನೇ ಅರ್ಥ ಚೆನ್ನಾಗಿ ಗೊತ್ತಿತ್ತು. ತನ್ನ ಭಾಗ ಶುರು ಮಾಡುವಾಗ, ಕಾದಂಬರಿಯ ರಸ ಕುಡಿದು ಲೋಕವೆಲ್ಲ ಮತ್ತೇರಿ ಕೂತಿದೆ ಅನ್ನುವ ಅರ್ಥದ ಮಾತು ಬರೆದಿದ್ದಾನೆ. ಅನ್ನ ಸೀದು ಹೋದರೂ ಗೊತ್ತಾಗದೆ ಓದುತ್ತಾ ಕೂತವರನ್ನು ನೋಡಿದವರಿಗೆ ಇದು ಸುಳ್ಳಲ್ಲ ಅಂತ ಗೊತ್ತು. ನಮ್ಮ ಮನೆಯಲ್ಲಿ ಎರಡು ಸಲ ಸೀದಿದೆ.

ಕನ್ನಡಕ್ಕೆ ಈ ಹುಡುಗಿ ಬೇಗ ಬಂದಳು. ಸುಮಾರು ಸಾವಿರ ವರ್ಷದ ಹಿಂದೆಯೇ ನಾಗವರ್ಮ 'ಕರ್ನಾಟಕ ಕಾದಂಬರಿ' ಬರೆದ. ಬಾಣನದು ಗದ್ಯ, ಇವನದು ಗದ್ಯ ಪದ್ಯ ಎರಡೂ ಬೆರೆತ ಚಂಪೂ. ಆಮೇಲೆ 19ನೇ ಶತಮಾನದಲ್ಲಿ ಇಂಗ್ಲಿಷಿನ 'ನಾವೆಲ್' ಬಂತು. ಬಂಗಾಳಿ, ಹಿಂದಿಯವರು ಅದಕ್ಕೆ 'ಉಪನ್ಯಾಸ' ಅಂದರು. (ನಮಗೆ ಉಪನ್ಯಾಸ ಅಂದರೆ ಭಾಷಣ. ಹಿಂದಿ ಪುಸ್ತಕದಂಗಡಿಯಲ್ಲಿ ಕನ್ನಡದವರು ಒಮ್ಮೆಯಾದರೂ ತಬ್ಬಿಬ್ಬಾಗುತ್ತಾರೆ.) ತೆಲುಗರು 'ನವಲ' ಅಂದರು. ಗುಜರಾತಿಯವರು 'ನವಲಕಥಾ' ಅಂದರು. ಮರಾಠಿಯವರು ಮತ್ತು ನಾವು ಬಾಣನ ನಾಯಕಿಯ ಹೆಸರನ್ನೇ ಇಟ್ಟುಕೊಂಡೆವು. ಹೀಗಾಗಿ ಕನ್ನಡದಲ್ಲಿ 'ಪ್ರೇಮ ಕಾದಂಬರಿ' ಅನ್ನುವುದು 'ಗೇಟು ಬಾಗಿಲು' ಅಂದ ಹಾಗೆ. ಒಂದೇ ಮಾತನ್ನು ಎರಡು ಸಲ ಹೇಳಿದಂತೆ.

ಹೊಸ ಕಾಲದ ಕಾದಂಬರಿ ಕನ್ನಡದಲ್ಲಿ ಶುರುವಾದದ್ದು ಹೆಚ್ಚಾಗಿ ಅನುವಾದದಿಂದ. ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ತಂದರು. ವಿಜಯನಗರದ ಹುಟ್ಟಿನ ಸುತ್ತ 'ಮಾಧವ ಕರುಣಾ ವಿಲಾಸ' ಬರೆದವರೂ ಇವರೇ. ಬರೆದದ್ದು ಮಾತ್ರವಲ್ಲ, ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಇವತ್ತು ತಮ್ಮ ಪುಸ್ತಕದ ಬಗ್ಗೆ ನಾಲ್ಕು ಪೋಸ್ಟ್ ಹಾಕಿ ಸುಸ್ತಾದೆ ಅನ್ನುವವರು ಗಳಗನಾಥರನ್ನು ಒಮ್ಮೆ ನೆನೆಯಬೇಕು.

ಈ ಮೊದಲ ಪುಸ್ತಕಗಳಲ್ಲಿ ಚರಿತ್ರೆ ಯಾಕೆ ಅಷ್ಟೊಂದಿತ್ತು? ನಾಡಿನ ಅಭಿಮಾನ ಅನ್ನುತ್ತಾರೆ. ಅದು ಸರಿಯೇ. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಆಗಿನ ಮನೆಗಳಲ್ಲಿ ಹುಡುಗಿಗೆ ಮದುವೆ ಆಗುವ ಹೊತ್ತಿಗೆ ಪ್ರೀತಿ ಅಂದರೇನು ಅಂತ ತಿಳಿಯುವ ವಯಸ್ಸೇ ಆಗಿರುತ್ತಿರಲಿಲ್ಲ. ಅಂಥ ಮನೆಯ ಕಥೆಯಲ್ಲಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡಿ ಇಷ್ಟಪಡುವುದು ಹೇಗೆ? ರಾಜಕುಮಾರಿಗಾದರೆ ಕೋಟೆಯ ಬುರುಜಿನಿಂದ ಕುದುರೆ ಸವಾರನನ್ನು ನೋಡುವ ಸ್ವಾತಂತ್ರ್ಯವಿತ್ತು. ಪಕ್ಕದ ಮನೆಯಲ್ಲಿ ನಡೆಯಲಾರದ ಪ್ರೀತಿ ಐನೂರು ವರ್ಷದ ಹಿಂದೆ ನಡೆದರೆ ಯಾರಿಗೂ ತಕರಾರಿಲ್ಲ.

ಪಕ್ಕದ ಮನೆಯಲ್ಲೇ ನಡೆಸಿಬಿಡುವ ಧೈರ್ಯ ಮಾಡಿದವರು ಮಂಗಳೂರಿನ ಗುಲ್ವಾಡಿ ವೆಂಕಟರಾಯರು. 1899ರಲ್ಲಿ ಬಂದ ಅವರ 'ಇಂದಿರಾಬಾಯಿ' ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಅಂತ ಹೆಸರಾಗಿದೆ. ನಾಯಕಿ ಚಿಕ್ಕ ವಯಸ್ಸಿನ ವಿಧವೆ. ಅವಳು ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಪುಸ್ತಕದ ಇನ್ನೊಂದು ಹೆಸರು 'ಸದ್ಧರ್ಮ ವಿಜಯ'. ಪ್ರೀತಿಗೆ ಧರ್ಮದ ಶಾಲು ಹೊದಿಸಿ ಮನೆಯೊಳಗೆ ಕರೆದುಕೊಂಡು ಬಂದರು ಅನ್ನಿ. ಅಂದ ಹಾಗೆ, ಕೆರೂರು ವಾಸುದೇವಾಚಾರ್ಯರು 1908ರಲ್ಲಿ 'ಇಂದಿರೆ' ಬರೆದರು. 'ತುಂಗಭದ್ರಾ', 'ಫಣಿಯಮ್ಮ' ಬರೆದವರು ಎಂ.ಕೆ. ಇಂದಿರಾ. ತ್ರಿವೇಣಿಯವರ 'ಬೆಳ್ಳಿ ಮೋಡ'ದ ನಾಯಕಿಯೂ ಇಂದಿರಾ. ಕನ್ನಡ ಕಾದಂಬರಿಗೆ ಇಂದಿರೆಯರ ಬರ ಬಂದದ್ದೇ ಇಲ್ಲ.

ಚರಿತ್ರೆಯ ಕಾದಂಬರಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಶಾಂತಲೆಯನ್ನು ಹಿಡಿಯಬೇಕು. ಹೊಯ್ಸಳ ವಿಷ್ಣುವರ್ಧನನ ರಾಣಿ. ಅವಳ ಬಗ್ಗೆ ಶಾಸನದ ಕಲ್ಲು ಏನು ಹೇಳುತ್ತದೆ? ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು. ಹಾಡು, ಕುಣಿತದಲ್ಲಿ ಅವಳು ಗಟ್ಟಿಗಿತ್ತಿ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಒಂದು ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಅದು ಅವಳದೇ ಬಿರುದು. ಗಂಧವಾರಣ ಅಂದರೆ ಮದಿಸಿದ ಆನೆ. ಸವತಿಯರ ಪಾಲಿಗೆ ಮದ್ದಾನೆ! ನೆಟ್ಟಗೆ ನಿಂತ ಕಲ್ಲಿನ ಮೇಲೆ ಇಂಥ ಒಂದು ಮಾತು ಕೆತ್ತಿದ್ದಾರೆ. ಅದರ ಹಿಂದಿನ ಮನೆಯ ಕಥೆ ಮಾತ್ರ ಎಲ್ಲೂ ಇಲ್ಲ. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಹೇಗೆ ಅಂತ ಶಾಸನ ಬಿಡಿಸಿ ಹೇಳುವುದಿಲ್ಲ. ಆದರೆ ದಾಬಸ್‌ಪೇಟೆ ಹತ್ತಿರದ ಆ ಬೆಟ್ಟ ಹತ್ತಿದರೆ ಒಂದು ಕಡಿದಾದ ಜಾಗ ತೋರಿಸಿ, 'ಶಾಂತಲಾ ಬಿದ್ದದ್ದು ಇಲ್ಲೇ' ಅನ್ನುತ್ತಾರೆ. ಮಕ್ಕಳಿಲ್ಲದ ಕೊರಗಿನಿಂದ ಹಾರಿದಳು ಅಂತ ಜನರ ಮಾತು.

ಕಲ್ಲು ಹೇಳಿದ್ದು ಅಷ್ಟು, ಜನ ಹೇಳುವುದು ಇಷ್ಟು. ಇವೆರಡರ ನಡುವಿನ ಖಾಲಿ ಜಾಗವೇ ಐತಿಹಾಸಿಕ ಕಾದಂಬರಿ.

ಆ ಜಾಗಕ್ಕೆ ಇಬ್ಬರು ಬಂದರು. ಒಬ್ಬರು ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ, ಕಟ್ಟುಮಸ್ತು ಮೈಯ ಫೋಟೊಗಳಿಗೆ ಹೆಸರಾದ ಪೈಲ್ವಾನರು. ಅದೇ ಕೈಯಲ್ಲಿ ಅವರು ಬರೆದ 'ಶಾಂತಲಾ' ಓದಿದರೆ ಆಶ್ಚರ್ಯವಾಗುತ್ತದೆ. ಅಷ್ಟು ಮೆತ್ತಗಿನ ಬರವಣಿಗೆ. ಇನ್ನೊಬ್ಬರು ಸಿ.ಕೆ. ನಾಗರಾಜರಾವ್. ಶಾಸನ ಎದುರಿಗಿಟ್ಟುಕೊಂಡು ನಾಲ್ಕು ಸಂಪುಟಗಳ 'ಪಟ್ಟಮಹಾದೇವಿ ಶಾಂತಲದೇವಿ' ಬರೆದರು. ಅದಕ್ಕೆ ಮೂರ್ತಿದೇವಿ ಪ್ರಶಸ್ತಿ ಬಂತು. ನನ್ನನ್ನು ಕೇಳಿದರೆ, ರಜೆಯಿದ್ದು ಒಂದೇ ಗುಕ್ಕಿನಲ್ಲಿ ಓದುವುದಾದರೆ ಅಯ್ಯರ್. ಹೊಯ್ಸಳರ ಕಾಲದಲ್ಲಿ ನಾಲ್ಕು ತಿಂಗಳು ಬಾಡಿಗೆ ಮನೆ ಮಾಡಿಕೊಂಡು ಇರಬೇಕು ಅನ್ನಿಸಿದರೆ ನಾಗರಾಜರಾವ್.

ತ.ರಾ.ಸು. ಹೆಸರು ಬಿಟ್ಟರೆ ಚಿತ್ರದುರ್ಗದವರು ನನ್ನನ್ನು ಊರಿಗೆ ಸೇರಿಸುವುದಿಲ್ಲ. ಅಲ್ಲಿನ ನಾಯಕರ ಮೇಲೆ ಸಾಲು ಕಾದಂಬರಿ ಬರೆದವರು ಅವರು. ಕೊನೆಯದು 'ದುರ್ಗಾಸ್ತಮಾನ', 1779ರಲ್ಲಿ ಮದಕರಿ ನಾಯಕನ ಕೈಯಿಂದ ಹೈದರಾಲಿ ದುರ್ಗ ಕಸಿದುಕೊಂಡ ಕಥೆ. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬರೆದವರು ಬದುಕಿರಲಿಲ್ಲ. ಪುಸ್ತಕ ಬಲು ದಪ್ಪ. ಹೊಸಬರು ಭೈರವಿ ರಾಗಕ್ಕೆ ಹೆಸರಾದ ಸಂಗೀತಗಾರನ ಕಥೆ 'ಹಂಸಗೀತೆ'ಯಿಂದ ಶುರು ಮಾಡಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ದೊಡ್ಡ ಕೃತಿಯೇ, ಅನುಮಾನವಿಲ್ಲ. ಆದರೆ 1834ರಲ್ಲಿ ಪಟ್ಟ ಕಳೆದುಕೊಂಡ ಆ ಕೊಡಗಿನ ದೊರೆಯ ಕ್ರೌರ್ಯ ನೋಡಿದರೆ ತಂಗಿಯ ಮಗಳಿಗೆ ಮೊದಲ ಪುಸ್ತಕವಾಗಿ ಕೊಡುವಂಥದ್ದಲ್ಲ.

ಅವಳ 'ಕ್ಲೀನ್' ಅನ್ನುವ ಪದಕ್ಕೆ ನಮ್ಮಲ್ಲಿ 'ಸದಭಿರುಚಿ' ಅಂತ ಒಂದಿದೆ. ಸತ್ ಮತ್ತು ಅಭಿರುಚಿ. ಸಿನಿಮಾ ಪೋಸ್ಟರಿನ ಮೇಲೂ ಕಾಣುತ್ತಿತ್ತು. ಇಂಗ್ಲಿಷಿನವರಿಗೆ ಅದು ಕೊಳೆಯ ಮಾತು, ನಮಗೆ ರುಚಿಯ ಮಾತು. ಸಾರಿಗೆ ಉಪ್ಪು ಎಷ್ಟು ಅನ್ನುವ ಹಾಗೆ, ಪ್ರೀತಿಯನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ಹದ. ಈ ಹದದ ಮೇಲೆ ಜಗಳವೂ ಆಗಿದೆ. ಅ.ನ. ಕೃಷ್ಣರಾಯರು ವೇಶ್ಯೆಯರ ಬದುಕಿನ ಬಗ್ಗೆ 'ನಗ್ನಸತ್ಯ', 'ಶನಿಸಂತಾನ' ಬರೆದಾಗ ಅಶ್ಲೀಲ ಅಂತ ಗದ್ದಲವೆದ್ದಿತು. ಅದಕ್ಕೆ ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮ ಪ್ರಚೋದನೆ' ಅಂತ ಒಂದು ಪುಸ್ತಕವನ್ನೇ ಬರೆದರು. ಅದೇ ಅನಕೃ ವಿಜಯನಗರದ ಮೇಲೆ ಸಾಲು ಕಾದಂಬರಿಗಳನ್ನೂ ಬರೆದರು. ಒಂದೇ ಪೆನ್ನು.

ಸದಭಿರುಚಿ ಅಂದರೆ ಸಪ್ಪೆ ಅಂತಲ್ಲ. ಅದಕ್ಕೆ ತ್ರಿವೇಣಿ ಸಾಕ್ಷಿ. ಮನಶ್ಶಾಸ್ತ್ರ ಓದಿದವರು, 1963ರಲ್ಲಿ 35 ತುಂಬುವ ಹೊತ್ತಿಗೆ ತೀರಿಕೊಂಡರು. 'ಬೆಳ್ಳಿ ಮೋಡ'ದಲ್ಲಿ ಇಂದಿರಾ ಕಾಫಿ ಎಸ್ಟೇಟಿನ ಒಬ್ಬಳೇ ಮಗಳು. ಅವಳ ಅಪ್ಪನ ದುಡ್ಡಿನಲ್ಲಿ ಮೋಹನ ಹೊರದೇಶಕ್ಕೆ ಓದಲು ಹೋಗುತ್ತಾನೆ. ಇವಳು ಕಾಯುತ್ತಾಳೆ. ಅಷ್ಟರಲ್ಲಿ ಇವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ. ಮೋಹನನ ಪ್ರೀತಿಯೂ ಜೊತೆಗೇ ಹೋಗುತ್ತದೆ. ಆಮೇಲೆ ಅವನು ಕಾಲು ಮುರಿದುಕೊಂಡು ಅವರ ಮನೆಯಲ್ಲೇ ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನಿಗೆ ಈಗ ಇವಳ ಬೆಲೆ ತಿಳಿದು, ಮದುವೆಯಾಗು ಅನ್ನುತ್ತಾನೆ. ಇವಳು ಒಲ್ಲೆ ಅನ್ನುತ್ತಾಳೆ. ಒಂದು ಮುಟ್ಟುವ ದೃಶ್ಯವೂ ಬೇಕಾಗಿಲ್ಲ. ಪುಟ್ಟಣ್ಣ ಕಣಗಾಲರು 1967ರಲ್ಲಿ ಸಿನಿಮಾ ಮಾಡಿದ ಮೇಲಂತೂ ಈ 'ಒಲ್ಲೆ' ಮನೆಮಾತಾಯಿತು.

ಇವರ ಹಿಂದೆಯೇ ಒಂದು ದಂಡು ಬಂತು. ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಸಾಯಿಸುತೆ. 'ಸುಧಾ'ದಂಥ ವಾರಪತ್ರಿಕೆಯಲ್ಲಿ ಧಾರಾವಾಹಿ, ಆಮೇಲೆ ಪುಸ್ತಕ, ಆಮೇಲೆ ಬಾಡಿಗೆ ಲೈಬ್ರರಿ. ನಮ್ಮ ಬೀದಿಯ ಲೈಬ್ರರಿಯಲ್ಲಿ ಪುಸ್ತಕಕ್ಕೆಲ್ಲ ದಪ್ಪ ರಟ್ಟು ಹಾಕಿ, ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿರುತ್ತಿದ್ದರು. ಮುಖಪುಟ ಕಾಣದ್ದರಿಂದ ಒಳ್ಳೆಯದು ಯಾವುದು ಅಂತ ತಿಳಿಯಲು ಒಂದೇ ದಾರಿ. ಅಂಚು ಕಪ್ಪಾದಷ್ಟೂ ಪುಸ್ತಕ ಚೆನ್ನಾಗಿದೆ ಅಂತ ಲೆಕ್ಕ. ಒಮ್ಮೆ ಅಷ್ಟು ಕಪ್ಪಾದ ಒಂದನ್ನು ತಂದು ರಾತ್ರಿಯೆಲ್ಲ ಓದಿದರೆ ಕೊನೆಯ ಎಂಟು ಪುಟ ಹರಿದಿತ್ತು. ಲೈಬ್ರರಿಯವರು ದಿನದ ಬಾಡಿಗೆಯಲ್ಲಿ ಒಂದು ಪೈಸೆ ಬಿಡಲಿಲ್ಲ.

ತಂಗಿಯ ಮಗಳಿಗೆ 'ಬೆಳ್ಳಿ ಮೋಡ'ವನ್ನೇ ಕೊರಿಯರ್ ಮಾಡಿದೆ. ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ಫೋನ್.

"ದೊಡ್ಡಮ್ಮ, ಇದು ರೊಮಾನ್ಸೇ ಅಲ್ಲ. ಕೊನೇಲಿ ಅವರು ಸೇರಲೇ ಇಲ್ಲ!"

ಅವಳ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಕಟ್ಟುನಿಟ್ಟಾದ ನಿಯಮ. ಕೊನೆಯಲ್ಲಿ ಇಬ್ಬರೂ ಸೇರಲೇಬೇಕು, ಸೇರದಿದ್ದರೆ ಅದಕ್ಕೆ ರೊಮಾನ್ಸ್ ಅಂತ ಹೆಸರೇ ಇಲ್ಲ. ಬಾಣನ ಕಾದಂಬರಿಯೂ ಕಾದು ಕೊನೆಗೆ ಸೇರಿದ್ದಳು. ತ್ರಿವೇಣಿಯ ಹುಡುಗಿ ಕಾದೂ ಕಾದು ಕೊನೆಗೆ ಬಾಗಿಲು ತಾನೇ ಹಾಕಿಕೊಂಡಳು.

"ಸೇರಬೇಕಿತ್ತಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವನ ಜೊತೆಗಾ? ಬೇಡಪ್ಪ" ಅಂದಳು. ಆಮೇಲೆ, "ಶಾಂತಲಾದು ಎರಡು ಇದೆ ಅಂದ್ರಲ್ಲ, ತೆಳ್ಳಗಿರೋದನ್ನ ಕಳಿಸಿ."