ಲಕ್ಕುಂಡಿ ಅಂತ ಹುಡುಕಿದರೆ ಏನು ಸಿಗುತ್ತದೆ, ಯಾಕೆ ಸಿಗುತ್ತದೆ

ಗದಗದ ಬೆಟಗೇರಿಯಲ್ಲಿ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಸ್ಮರಣ ಸಂಚಿಕೆ, ಇಂಥ ಕೆಲಸ. ಹೋದ ತಿಂಗಳು ಅಂಗಡಿಯ ಅಣ್ಣ ಹಳೆ ಕಂಪ್ಯೂಟರ್‌ನಿಂದ ಒಂದು ಫೈಲ್ ತೆಗೆದು ತೋರಿಸಿದರು. ಗದಗ ಜಿಲ್ಲೆಯ ಹಳೆ ಊರು ಲಕ್ಕುಂಡಿಯ ಬಾವಿಗಳ ಬಗ್ಗೆ ಮಾಸ್ತರೊಬ್ಬರು 20 ವರ್ಷದ ಹಿಂದೆ ಬರೆದು ಟೈಪ್ ಮಾಡಿಸಿದ್ದು. ಲಕ್ಕುಂಡಿಗೆ 101 ಗುಡಿ, 101 ಬಾವಿ ಅನ್ನೋ ಮಾತಿದೆ. ಅವುಗಳಲ್ಲಿ ತಾವು ಇಳಿದು ನೋಡಿದ ಒಂದೊಂದೇ ಬಾವಿಯನ್ನು ಮಾಸ್ತರು ಬರೆದಿಟ್ಟಿದ್ದಾರೆ. ಮೆಟ್ಟಿಲು ಯಾವ ದಿಕ್ಕಿಗೆ, ಗೋಡೆಯಲ್ಲಿ ಎಷ್ಟು ಗೂಡು, ಒಳ್ಳೆ ಮಳೆಯಾದ ವರ್ಷ ನೀರು ಯಾವ ಮೆಟ್ಟಿಲಿಗೆ ಬರುತ್ತಿತ್ತು, ಎಲ್ಲಾ.

"ಇದನ್ನ ನೆಟ್ಟಿಗೆ ಹಾಕೋಣ್ರಿ" ಅಂದೆ. ಅವರು ಒಂದು ಸಾಲು ಕಾಪಿ ಮಾಡಿ ಇಮೇಲ್‌ನಲ್ಲಿ ಪೇಸ್ಟ್ ಮಾಡಿದರು. ಕನ್ನಡ ಮಾಯ! 'ಕನ್ನಡ' ಅನ್ನೋ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೀಟಿರುವ ಎ, ಪಕ್ಕದಲ್ಲಿ ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ.

"ನೋಡ್ರಿ, ನಮ್ಮ ಕಣ್ಣಿಗೆ ಕನ್ನಡ. ಅದರ ಹೊಟ್ಟಿಯೊಳಗ ಇಂಗ್ಲಿಷ್" ಅಂದರು ಅಣ್ಣ.

ನೆಟ್‌ನಲ್ಲಿ ನಮಗೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಅನ್ನೋದರ ಕಥೆಯನ್ನು ಈ ಫೈಲಿನಿಂದಲೇ ಹೇಳಬಹುದು.

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಅನ್ನೋ ಆಗಿನ ಸರ್ಕಾರಿ ಕಂಪನಿಯ ಮೂಲಕ. ಆಗ ಹುಡುಕುವ ದಾರಿ ಎರಡಿದ್ದವು. ಒಂದು ಯಾಹೂ. ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು 1994ರಲ್ಲಿ ಶುರು ಮಾಡಿದ ಪಟ್ಟಿ ಅದು. ಮನುಷ್ಯರೇ ಕೂತು ಸೈಟುಗಳನ್ನು ವಿಷಯದ ಪ್ರಕಾರ ಜೋಡಿಸುತ್ತಿದ್ದರು, ಲೈಬ್ರರಿಯಲ್ಲಿ ಕಪಾಟು ಜೋಡಿಸಿದ ಹಾಗೆ. ಇನ್ನೊಂದು, 1995ರಲ್ಲಿ ಬಂದ ಆಲ್ಟಾವಿಸ್ಟಾ ಥರದ ಯಂತ್ರಗಳು. ಪುಟದಲ್ಲಿ ನಿಮ್ಮ ಪದ ಇದೆಯಾ ಅಂತ ನೋಡಿ ಪಟ್ಟಿ ಕೊಡುತ್ತಿದ್ದವು. ಪದ ಇದ್ದರೆ ಸಾಕು, ಪುಟ ಒಳ್ಳೇದೋ ಕೆಟ್ಟದ್ದೋ ಅಂತ ತಿಳಿಯುವ ದಾರಿ ಅವಕ್ಕೆ ಅಷ್ಟಾಗಿ ಇರಲಿಲ್ಲ.

1998ರಲ್ಲಿ ಬಂದ ಗೂಗಲ್ ಲಿಂಕ್‌ಗಳನ್ನು ಎಣಿಸಿತು. ಧಾರವಾಡಕ್ಕೆ ಹೊಸದಾಗಿ ಬಂದವರು ಒಳ್ಳೆ ಪೇಡಾ ಎಲ್ಲಿ ಸಿಗುತ್ತದೆ ಅಂತ ಹೇಗೆ ತಿಳಿದುಕೊಳ್ಳುತ್ತಾರೆ? ನಾಲ್ಕು ಜನರನ್ನು ಕೇಳುತ್ತಾರೆ. ಆದರೆ ನಾಲ್ವರ ಮಾತಿಗೂ ಒಂದೇ ತೂಕ ಇರುವುದಿಲ್ಲ. ಊರೇ ನಂಬುವ ಹಿರಿಯರು ಹೇಳಿದರೆ ಅದರ ತೂಕ ಜಾಸ್ತಿ. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಕಟ್ಟಿದ ಲೆಕ್ಕ ಇದೇ. ಒಂದು ಪುಟಕ್ಕೆ ಬೇರೆ ಪುಟದಿಂದ ಲಿಂಕ್ ಇದ್ದರೆ ಅದೊಂದು ಓಟು. ಆ ಓಟಿನ ಬೆಲೆ, ಓಟು ಕೊಟ್ಟ ಪುಟಕ್ಕೆ ಎಷ್ಟು ಓಟು ಬಿದ್ದಿವೆ ಅನ್ನೋದರ ಮೇಲೆ. ಜಗತ್ತಿನ ಹುಡುಕಾಟವನ್ನೇ ಬದಲಿಸಿದ ಈ ಲೆಕ್ಕದಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಬಹಳ ಕಡಿಮೆ. ನನ್ನನ್ನು ಜಾಸ್ತಿ ಕಾಡುವುದು ಇದೇ ಭಾಗ.

ಮೊದಲ ತೊಡಕು ಅಣ್ಣನ ಫೈಲಿನಲ್ಲಿ ಕಂಡದ್ದು. ಹಳೆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಮುಖಕ್ಕೆ ಕನ್ನಡದ ಬಣ್ಣ ಹಚ್ಚುತ್ತಿದ್ದವು. ಪರದೆಯ ಮೇಲೆ, ಕಾಗದದ ಮೇಲೆ ಚೆಂದ. ಹುಡುಕುವ ಯಂತ್ರಕ್ಕೆ ಮಾತ್ರ ಕಾಣುವುದು ಬಣ್ಣದ ಕೆಳಗಿನ ಮುಖ. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. ಅದರ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಇತ್ತು. ಆದರೆ ಅದು ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿದು ಬರಲು ಸುಮಾರು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನೋ ಯೂನಿಕೋಡ್ ಕನ್ನಡ ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಪುಟ ಕಟ್ಟುವ ತಂತ್ರಾಂಶಗಳು ಮಾತ್ರ ಆಮೇಲೂ ಬಹಳ ವರ್ಷ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲಿಲ್ಲ. ಪ್ರೆಸ್ಸಿನವರು ಹಳೆ ಫಾಂಟನ್ನೇ ಹಿಡಿದುಕೊಂಡರು. ಅದು ಅವರ ತಪ್ಪಲ್ಲ. ನಾಳೆ ಬೆಳಿಗ್ಗೆ ಮದುವೆ ಕಾರ್ಡು ಕೊಡಬೇಕಲ್ವಾ? ಹಾಗಾಗಿ ಮುದ್ರಣ ಕಾಶಿ ಅನ್ನಿಸಿಕೊಂಡ ಗದಗದಲ್ಲಿ ಟೈಪ್ ಆದ ಎಷ್ಟೋ ಸಾವಿರ ಪುಟ ನೆಟ್‌ನ ಲೆಕ್ಕಕ್ಕೆ ಬರಲೇ ಇಲ್ಲ.

ಎರಡನೆಯದು ನಮ್ಮ ಭಾಷೆಯ ಜಾಯಮಾನ. ಲಕ್ಕುಂಡಿ, ಲಕ್ಕುಂಡಿಗೆ, ಲಕ್ಕುಂಡಿಯಲ್ಲಿ, ಲಕ್ಕುಂಡಿಯಿಂದ. ನಮಗೆ ಎಲ್ಲವೂ ಒಂದೇ ಊರು. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ಯಂತ್ರಕ್ಕೆ ನಾಲ್ಕೂ ಬೇರೆ ಪದ. ಮಾತಿನ ಸಂದರ್ಭ ಹಿಡಿಯುವ ಬರ್ಟ್ ಅನ್ನುವ ಮಾದರಿಯನ್ನು ಗೂಗಲ್ 2019ರ ಕೊನೆಗೆ ಕನ್ನಡವೂ ಸೇರಿ 70ಕ್ಕೂ ಹೆಚ್ಚು ಭಾಷೆಗಳ ಹುಡುಕಾಟಕ್ಕೆ ತಂದಿತು. ಅದರಿಂದ ಸ್ವಲ್ಪ ಅನುಕೂಲವಾಗಿದೆ.

ಇನ್ನು ನಾವು ಬರೆಯುವ ರೀತಿ. ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಹುಬ್ಬಳ್ಳಿಗೆ ಇಂಗ್ಲಿಷಿನಲ್ಲಿ 'ಹುಬ್ಲಿ' ಅನ್ನೋ ಹೆಸರು ಹೋಗಿ 'ಹುಬ್ಬಳ್ಳಿ' ಅಧಿಕೃತವಾಗಿದ್ದು 2014ರ ನವೆಂಬರ್ 1ರಂದು. ಬೆರಳಿನ ಅಭ್ಯಾಸ ಇನ್ನೂ ಬದಲಾಗಿಲ್ಲ. ಮೂರುಸಾವಿರ ಮಠ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ, ಆ 'ಮಠ' ಗಣಿತವೂ ಆಗುತ್ತದೆ!

ಲಿಂಕ್‌ನ ವಿಷಯ ಕೇಳಲೇಬೇಡಿ. ಕನ್ನಡದಲ್ಲಿ ಬರೆಯುವ ನಾವು ಇನ್ನೊಬ್ಬರ ಬರಹಕ್ಕೆ ಲಿಂಕ್ ಕೊಡುವ ರೂಢಿಯನ್ನೇ ಬೆಳೆಸಿಕೊಳ್ಳಲಿಲ್ಲ. ಓಟೇ ಬೀಳದ ಪುಟ ಮೇಲೆ ಹೇಗೆ ಬರಬೇಕು?

ಇದರ ಕಹಿ ಫಲ 2021ರ ಜೂನ್‌ನಲ್ಲಿ ಎಲ್ಲರಿಗೂ ಕಂಡಿತು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಅಂತ ಉತ್ತರ ತೋರಿಸಿತು. ಜನ ಸಿಟ್ಟಿಗೆದ್ದರು, ಸರ್ಕಾರ ನೋಟಿಸ್ ಮಾತಾಡಿತು, ಗೂಗಲ್ ಕ್ಷಮೆ ಕೇಳಿ ಅದನ್ನು ತೆಗೆಯಿತು. ಆಗಿದ್ದು ಇಷ್ಟು: ಭಾಷೆಗೆ ಸಂಬಂಧವೇ ಇಲ್ಲದ ಯಾವುದೋ ಪುಟದಲ್ಲಿ ಆ ಸಾಲು ಇತ್ತು. ಅಂಥ ಪ್ರಶ್ನೆಗೆ ಗಂಭೀರವಾಗಿ ಬರೆದವರು ಯಾರೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಖಾಲಿ ಜಾಗದಲ್ಲಿ ಸಿಕ್ಕಿದ ಒಂದೇ ಸಾಲನ್ನು ಯಂತ್ರ ಎತ್ತಿ ಚೌಕಟ್ಟು ಹಾಕಿ ಮೇಲಿಟ್ಟಿತು. ನನಗೆ ಆ ಉತ್ತರಕ್ಕಿಂತ ಆ ಖಾಲಿ ಜಾಗದ್ದೇ ಚಿಂತೆ. ನಮ್ಮ ಊರು, ಬೆಳೆ, ಬಾವಿ, ಹಬ್ಬಗಳ ಬಗ್ಗೆ ಇಂಥ ಖಾಲಿ ಜಾಗ ಎಷ್ಟಿವೆ!

ಈ ನಡುವೆ ಹುಡುಕಾಟವೇ ಹಿಂದೆ ಸರಿಯಿತು. ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂದಿತು, 2009ರಲ್ಲಿ ಲೈಕ್ ಬಟನ್. ಅಲ್ಲಿಗೆ ಕೇಳದೇ ಇದ್ದರೂ ವಿಷಯ ತಾನಾಗಿ ಮುಂದೆ ಬಂದು ನಿಲ್ಲುವ ಕಾಲ ಬಂತು. ಯೂಟ್ಯೂಬ್ 2012ರಲ್ಲಿ ಲೆಕ್ಕದ ತಕ್ಕಡಿ ಬದಲಿಸಿತು. ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದು ಮುಖ್ಯವಾಯಿತು. ಜನ ನೋಡುವ ಹೊತ್ತಿನಲ್ಲಿ 70% ಗಿಂತ ಜಾಸ್ತಿ ತಮ್ಮ ಶಿಫಾರಸಿನಿಂದಲೇ ಬರುತ್ತದೆ ಅಂತ 2018ರಲ್ಲಿ ಆ ಕಂಪನಿಯವರೇ ಹೇಳಿದರು. ನಮ್ಮ ಭಾಗದ ಹಳ್ಳಿಗಳಿಗೆ ಇದು ನಿಜವಾಗಿ ತಲುಪಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. 2017ರಲ್ಲಿ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವುದೂ ಸಾಧ್ಯವಾಯಿತು. ಟೈಪಿಂಗ್ ಬಾರದವರಿಗೆ ಅದು ದೊಡ್ಡ ಬಾಗಿಲು.

ಆ ಬಾಗಿಲಿನಿಂದ ಒಳಗೆ ಹೋದವರಲ್ಲಿ ನಮ್ಮ ಕಾಕಾ ಒಬ್ಬರು. ಹಾವೇರಿ ಜಿಲ್ಲೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಮಾಲು ಒಯ್ಯುವ ಹಿಂದಿನ ರಾತ್ರಿ ಫೋನ್ ಬಾಯಿ ಹತ್ತಿರ ಹಿಡಿದು, "ಬ್ಯಾಡಗಿಯೊಳಗ ಡಬ್ಬಿ ರೇಟ್ ಎಷ್ಟೈತಿ ಇವತ್ತ" ಅಂತ ಕೇಳಿದರು. ಬಂದದ್ದು ಕೆಂಪು ದಪ್ಪ ಅಕ್ಷರದ ವಿಡಿಯೋ, 'ದಾಖಲೆ ಬೆಲೆ' ಅಂತ. ಕಾಕಾ ಮೂರು ಸಲ ನೋಡಿದರು. ರೇಟ್ ಯಾವ ದಿನದ್ದು ಅಂತ ಅದರಲ್ಲಿ ಎಲ್ಲೂ ಹೇಳಿರಲಿಲ್ಲ. ವಿಡಿಯೋ ಹಾಕಿದ ದಿನಾಂಕವನ್ನು ನಾನು ತೆಗೆದು ನೋಡಿದರೆ ಹಿಂದಿನ ವರ್ಷದ ಹಂಗಾಮಿನದು. ಮೂರು ಸಲ ನೋಡಿದ್ದಕ್ಕೆ ಮರುದಿನ ಅಂಥವೇ ಹತ್ತು ವಿಡಿಯೋ ಬಂದವು. ಕಾಕಾನ ಆತಂಕವನ್ನು ಯಂತ್ರ ಆಸಕ್ತಿ ಅಂತ ಓದಿಕೊಂಡಿತ್ತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಅಂತ ಮಾಲು ಬೇರೆ ಬೇರೆ. ಒಂದೇ ದಿನ ಒಂದೇ ಮಾಲಿಗೂ ಕಡಿಮೆ ಬೆಲೆ, ಹೆಚ್ಚಿನ ಬೆಲೆ ನಡುವೆ ಅಜಗಜಾಂತರ. ದೊಡ್ಡ ಬೆಲೆ ಸಿಗುವುದು ಆಯ್ದ ಕೆಲವೇ ಲಾಟಿಗೆ. ವಿಡಿಯೋದ ತಲೆಬರಹಕ್ಕೆ ಹೋಗುವುದು ಆ ಒಂದು ಅಂಕಿ. ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ಬೆಲೆ ಮೂರನ್ನೂ ದಿನಾಂಕದ ಸಮೇತ ಹಾಕುತ್ತಾರೆ. ರೈತನಿಗೆ ಬೇಕಾದದ್ದು ಅದೇ. ಆದರೆ ಅದು ಸಪ್ಪೆ ಕೋಷ್ಟಕ. ಹತ್ತು ಸೆಕೆಂಡಿನಲ್ಲಿ ನೋಡಿ ಮುಗಿಯುತ್ತದೆ. ಹೊತ್ತು ಕಳೆಯುವುದನ್ನೇ ಅಳೆಯುವ ತಕ್ಕಡಿಯಲ್ಲಿ, ಬೇಗ ಕೆಲಸ ಮುಗಿಸಿ ಕೊಡುವ ಪುಟಕ್ಕೆ ತೂಕ ಎಲ್ಲಿಂದ ಬರಬೇಕು?

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂನ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಶಾರ್ಟ್ಸ್ ಬಂದವು. ಇಲ್ಲಿ ಗೆಳೆಯರು ಯಾರು ಅನ್ನೋದೂ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಬೆರಳು ಎಲ್ಲಿ ನಿಂತಿತು ಅನ್ನೋದೇ ಲೆಕ್ಕ. ಇದರಿಂದ ಒಳ್ಳೆಯದೂ ಆಗಿದೆ. ಹೆಸರಿಲ್ಲದ ಗಿರ್ಮಿಟ್ ಗಾಡಿಗೆ, ಹಂತಿ ಪದ ಹಾಡುವ ಅಜ್ಜನಿಗೆ ಯಾವ ಸಂಪಾದಕರ ಅಪ್ಪಣೆಯೂ ಇಲ್ಲದೆ ನೋಡುಗರು ಸಿಕ್ಕಿದ್ದಾರೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಬಾವಿಗಳ ಬಗ್ಗೆ ಮಾಸ್ತರು ಬರೆದ 34 ಪುಟಕ್ಕೆ ಮಾತ್ರ ಅಲ್ಲಿ ಜಾಗ ಇಲ್ಲ.

ವಾಟ್ಸಾಪ್‌ನದು ಬೇರೆ ದಾರಿ. ಅಲ್ಲಿ ಆಯ್ದು ಕೊಡುವ ಯಂತ್ರ ಇಲ್ಲ, ಫಾರ್ವರ್ಡ್ ಮಾಡುವ ಕೈಗಳೇ ಎಲ್ಲಾ. ಸುಳ್ಳು ಸುದ್ದಿಯಿಂದ ಜೀವಗಳೇ ಹೋದ ಮೇಲೆ, 2018ರ ಜುಲೈನಲ್ಲಿ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗೆ ಮಾತ್ರ ಅಂತ ಮಿತಿ ಹಾಕಿದರು. ಅದೇ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1,000 ಓಲೆ ಪ್ರತಿ ಮಾಡಿಸಿ ಹಂಚಿದಳು ಅನ್ನೋದು ನೆನಪಾಗುತ್ತದೆ. ಸಾವಿರ ವರ್ಷದ ಹಿಂದೆ, ಕೈಯಲ್ಲಿ ಬರೆಸಿ. ಯಾವುದು ಹಂಚಲು ಯೋಗ್ಯ ಅಂತ ಮೊದಲು ಒಬ್ಬರು ಓದಿ ತೀರ್ಮಾನಿಸಿದ್ದರು.

ಈಗ ಇನ್ನೊಂದು ತಿರುವು. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಸಾರಾಂಶ ಕಾಣುತ್ತಿದೆ. ಓದುಗ ಪುಟಕ್ಕೆ ಹೋಗುವ ಮೊದಲೇ ಉತ್ತರ ಸಿಕ್ಕಿರುತ್ತದೆ. ಆ ಸಾರಾಂಶ ಹುಟ್ಟುವುದು ಯಂತ್ರ ಓದಬಲ್ಲ ಪುಟಗಳಿಂದ. ಬೆಟಗೇರಿಯ ಹಳೆ ಫೈಲ್ ಅದರಲ್ಲೂ ಇಲ್ಲ.

ಹಳೆ ಫಾಂಟನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಬದಲಿಸಿದಾಗ ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರ ಒಡೆಯುತ್ತವೆ. ಕೂತು ಒಂದೊಂದೇ ಸಾಲು ತಿದ್ದಬೇಕು. ಅಣ್ಣ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು ಇದನ್ನೇ ಮಾಡುತ್ತಿದ್ದಾರೆ. ನಾನು ಹಳೆ ಪ್ರಿಂಟ್ ಹಿಡಿದು ಓದುತ್ತೇನೆ, ಅವರು ತಿದ್ದುತ್ತಾರೆ. ತಲೆಬರಹವನ್ನು ಮಾಸ್ತರು 'ನಮ್ಮೂರ ಬಾವಿಗಳು' ಅಂತ ಇಟ್ಟಿದ್ದರು. ಅದರ ಕೆಳಗೆ 'ಲಕ್ಕುಂಡಿ, ಗದಗ ಜಿಲ್ಲೆ' ಅಂತ ಸೇರಿಸಿದ್ದೇವೆ. 34 ಪುಟದಲ್ಲಿ 11 ಮುಗಿದಿದೆ.