ಇರೋದೇ ಮನೆಯಲ್ಲಿ, ಅತ್ತೆ ಮಾತ್ರ ‘ಮನೆಗೆ ಹೋಗ್ಬೇಕು’ ಅಂತಾರೆ

ಪ್ರಶ್ನೆ: ಅತ್ತೆಗೆ 72 ವರ್ಷ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಡಾಕ್ಟರು ಹೇಳಿದ್ದಾರೆ. ದಿನಾ ಸಂಜೆ ಬಟ್ಟೆ ಗಂಟು ಕಟ್ಟಿಕೊಂಡು ‘ಮನೆಗೆ ಹೋಗ್ಬೇಕು, ಕಳಿಸು’ ಅಂತ ಬಾಗಿಲಿಗೆ ಬರುತ್ತಾರೆ. ಇದೇ ನಿಮ್ಮ ಮನೆ ಅಂದರೆ ಸಿಟ್ಟು. ನಾನು ಕೂಲಿಗೆ ಹೋಗುವವಳು. ಏನು ಮಾಡಲಿ?

ಉತ್ತರ: ಮೊದಲು ವಾದ ಮಾಡೋದು ಬಿಡಿ. ನಮ್ಮ ಮನೆಯಲ್ಲಿ ಒಂದು ವರ್ಷ ಅದನ್ನೇ ಮಾಡಿ ಸೋತೆವು. ಒಂದು ಸಂಜೆ ಚಿಕ್ಕಪ್ಪ ಬೀರುವಿನಿಂದ ಮನೆ ಕಂದಾಯದ ರಸೀದಿ ತೆಗೆದು, ‘ನೋಡಮ್ಮ, ನಿನ್ನ ಹೆಸರೇ ಇದೆ’ ಅಂತ ಅಜ್ಜಿಗೆ ತೋರಿಸಿದರು. ಅಜ್ಜಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಸರಿ ಕಣಪ್ಪ, ಕತ್ತಲಾಯ್ತು, ಈಗಲಾದ್ರೂ ನಮ್ಮನೆಗೆ ಬಿಡು’ ಅಂದರು.

ಅವರು ಕೇಳುತ್ತಿದ್ದದ್ದು ತವರುಮನೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ‘ಹೌದಾ ಅತ್ತೆ, ನಿಮ್ಮೂರಲ್ಲಿ ಯಾರ್ಯಾರಿದ್ದಾರೆ?’ ಅಂತ ಕೇಳಿ ನೋಡಿ. ಮಾತಿಗೆ ಸಿಕ್ಕರೆ ಗಂಟು ಕೆಳಗಿಡುತ್ತಾರೆ. ಸಿಗಲಿಲ್ವಾ? ಚಪ್ಪಲಿ ಮೆಟ್ಟಿಕೊಂಡು ನೀವೂ ಜೊತೆಗೆ ಹೊರಡಿ. ಬೀದಿ ಕೊನೆತನಕ ಹೋಗಿ ವಾಪಸ್ ಬಂದು, ‘ಬನ್ನಿ, ಕಾಫಿ ಕುಡಿದು ಹೋಗೋಣ’ ಅಂದರೆ ಎಷ್ಟೋ ಸಲ ತಾವೇ ಒಳಗೆ ಬರುತ್ತಾರೆ. ಇದು ಸುಳ್ಳು ಹೇಳಿದ ಹಾಗಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ‘ನಿಮ್ಮಮ್ಮ ಸತ್ತು ಎಷ್ಟೋ ವರ್ಷ ಆಯ್ತು’ ಅಂದಾಗೆಲ್ಲ ಅಜ್ಜಿ ಆ ಸುದ್ದಿಯನ್ನು ಮೊದಲ ಸಲ ಕೇಳಿದವರ ಹಾಗೆ ಅಳುತ್ತಿದ್ದರು. ಅದನ್ನು ನೋಡಿದ ಮೇಲೆ ಹಾಗೆ ಹೇಳೋದು ಬಿಟ್ಟೆ.

ಸಂಜೆಯೇ ಯಾಕೆ? ದಿನದ ಸುಸ್ತು, ಮಬ್ಬು ಬೆಳಕು, ಗೋಡೆ ಮೇಲಿನ ನೆರಳು, ಹಸಿವು, ಒಂದಕ್ಕೆ ಹೋಗಬೇಕಾಗಿದ್ದರೂ ಹೇಳಲು ಬಾರದಿರುವುದು. ಕತ್ತಲಾಗುವ ಮುಂಚೆಯೇ ಲೈಟ್ ಹಾಕಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ಏನಾದರೂ ತಿನ್ನಲು ಕೊಡಿ. ಆಮೇಲೆ ಕೈಗೊಂದು ಕೆಲಸ. ನಮ್ಮಜ್ಜಿ ಮಗನ ಹೆಸರು ಮರೆತ ಮೇಲೂ ಮೊರ ಮುಂದಿಟ್ಟರೆ ಅವರೆಕಾಯಿ ಸುಲಿಯುತ್ತಿದ್ದರು. ಹುಳುಕು ಕಾಳನ್ನು ಮರೆಯದೆ ಬೇರೆ ಎತ್ತಿಡುತ್ತಿದ್ದರು.

ಒಂದೆರಡು ದಿನದಲ್ಲೇ ಗಲಿಬಿಲಿ ದಿಢೀರ್ ಜಾಸ್ತಿಯಾದರೆ ಕಾಯಿಲೆ ಬೆಳೆಯಿತು ಅಂತ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು ಕಾರಣವಿರಬಹುದು. ಅವು ವಾಸಿಯಾಗುವಂಥವು. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆ ಮಾತ್ರ ತರಬೇಡಿ. ಗಲಿಬಿಲಿ ಇನ್ನೂ ಹೆಚ್ಚಿ, ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ.

ಕೂಲಿಯ ವಿಷಯವೇ ಕಷ್ಟದ್ದು. ಬಾಗಿಲಿಗೆ ಬೀಗ ಹಾಕಿ ಹೋಗುವವರನ್ನು ನಾನು ಬೈಯಲಾರೆ. ಆದರೆ ಒಳಗೆ ಒಲೆ, ಬೆಂಕಿಪೊಟ್ಟಣ ಇರುತ್ತದಲ್ಲ. ಅದಕ್ಕಿಂತ ಅಕ್ಕಪಕ್ಕದವರಿಗೆ, ಅಂಗಡಿಯವರಿಗೆ, ಆಟೋದವರಿಗೆ ಬಾಯಿಬಿಟ್ಟು ಹೇಳಿ, ಹಗಲು ಅತ್ತೆಯ ಜೊತೆ ಸರದಿಯಲ್ಲಿ ಯಾರಾದರೂ ಕೂರುವ ಹಾಗೆ ಮಾಡಿಕೊಳ್ಳಿ. ‘ಅರವತ್ತಕ್ಕೆ ಅರಳು ಮರಳು’ ಅಂತ ಯಾರಾದರೂ ನಕ್ಕರೆ, ಇದು ಮಿದುಳಿನ ಕಾಯಿಲೆ ಅಂತ ಹೇಳಿ. ನಿಮ್ಮದೊಂದೇ ಮನೆಯೂ ಅಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಇದು ಇದೆ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಫೋನ್ ನಂಬರ್ ಬರೆದ ಬಟ್ಟೆ ಚೂರೊಂದನ್ನು ಅತ್ತೆಯ ರವಿಕೆಯ ಒಳಗೆ ಹೊಲಿದಿಡಿ. ರಾತ್ರಿ ಬಾಗಿಲಿಗೆ ದನದ ಗಂಟೆ ಕಟ್ಟಿ, ತೆಗೆದರೆ ಎಚ್ಚರವಾಗುತ್ತದೆ.

ಗೋವಾದಲ್ಲಿ ಇಂಥ ಕಾಯಿಲೆಯವರಿರುವ 81 ಕುಟುಂಬಗಳೊಂದಿಗೆ ಒಂದು ಪ್ರಯೋಗ ಮಾಡಿದ್ದರು. ಪಿಯುಸಿ ಮಟ್ಟ ಓದಿದ ಸ್ಥಳೀಯರಿಗೆ ತರಬೇತಿ ಕೊಟ್ಟು, ಸಲಹೆ, ನೆರವು ಕೊಡಲು ಅರ್ಧದಷ್ಟು ಮನೆಗಳಿಗೆ ಆರು ತಿಂಗಳು ಕಳಿಸಿದರು. ಆ ಮನೆಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಒತ್ತಡ ಇಳಿದಿತ್ತು. ನಿಮ್ಮ ಮನೆಗೆ ಹಾಗೆ ಯಾರೂ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ. ಅತ್ತೆಗೋಸ್ಕರ ಅಷ್ಟೇ ಅಲ್ಲ, ನಿಮಗೇ ತಡೆಯಲಾಗದಾಗಲೂ ಮಾಡಬಹುದು. ತಾಲ್ಲೂಕು ಆಸ್ಪತ್ರೆಗೆ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದ ಮಾನಸಿಕ ತಜ್ಞರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನೂ ಕೇಳಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಗಂಡನ ಸುದ್ದಿಯೇ ಇಲ್ಲ. ಅವರ ಅಮ್ಮ ಅಲ್ವಾ? ಬೀದಿ ಕೊನೆತನಕದ ಆ ಸಂಜೆ ನಡಿಗೆಯನ್ನು ವಾರಕ್ಕೆ ಮೂರು ದಿನ ಅವರಿಗೆ ವಹಿಸಿ.