ಬೀಜದ ಪೆನ್ಸಿಲ್ ನೆಟ್ಟರೆ ಮಕ್ಕಳು ಗಿಡ ಬೆಳೆಸೋದು ಕಲಿಯುತ್ತಾರಾ?

ಪ್ರಶ್ನೆ: ಮಗಳಿಗೆ ಬೀಜ ಇರುವ ಪೆನ್ಸಿಲ್ ಯಾರೋ ಉಡುಗೊರೆ ಕೊಟ್ಟಿದ್ದರು. ಜುಲೈನಲ್ಲಿ ನೆಟ್ಟೆವು, ಒಂದೂ ಹುಟ್ಟಲಿಲ್ಲ. ಪಾಪ, ಅವಳಿಗೆ ತುಂಬಾ ಬೇಜಾರಾಯಿತು. ಬೀಜದಿಂದ ಗಿಡ ಬೆಳೆಸೋದನ್ನು ಕಲಿಸುವ ವಸ್ತುವನ್ನು ಮನೆಯಲ್ಲೇ ಮಾಡಬಹುದಾ?
– ಓದುಗರು, ಸಾಗರ

ಉತ್ತರ: ಖಂಡಿತ ಮಾಡಬಹುದು. ಪೆನ್ಸಿಲ್‌ಗಿಂತ ಚೆನ್ನಾಗಿಯೇ ಕಲಿಸುತ್ತದೆ.

ಬೀಜದ ಪೆನ್ಸಿಲನ್ನು 2012ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದರು. ಮೋಟಾದ ಪೆನ್ಸಿಲನ್ನು ಬಿಸಾಡದೆ ನೆಡುವ ಯೋಚನೆ ಚೆಂದವೇ. ಆದರೆ ಬೀಜ ಇರುವುದು ಪೆನ್ಸಿಲಿನ ಹಿಂತುದಿಯ ಪುಟ್ಟ ಕ್ಯಾಪ್ಸೂಲಿನೊಳಗೆ, ಕ್ಯಾಪ್ಸೂಲು ಮಣ್ಣಿನೊಳಗೆ. ಒಳಗೆ ಏನಾಗುತ್ತಿದೆ ಅಂತ ಮಗುವಿಗೆ ಕಾಣುವುದೇ ಇಲ್ಲ. ಅದೂ ನಮ್ಮ ಮಳೆಗಾಲದಲ್ಲಿ ಮಣ್ಣು ಒಣಗುವ ಮಾತೇ ಇಲ್ಲ, ಅಲ್ವಾ? ಬೀಜವೂ ಉಸಿರಾಡಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿ ಸಿಗದೆ ಕೊಳೆತುಹೋಗುತ್ತದೆ. ನಿಮ್ಮದೂ ಹಾಗೇ ಆಗಿರಬಹುದು.

ಹಾಗಾಗಿ ಬೀಜ ಕಣ್ಣಿಗೆ ಕಾಣುವಂಥ ವಸ್ತು ಮಾಡಿ. ಒಂದು ಗಾಜಿನ ಲೋಟ ಸಾಕು. ಒಳಗೋಡೆಗೆ ಅಂಟುವ ಹಾಗೆ ದಪ್ಪ ಹತ್ತಿ ಬಟ್ಟೆ ಸುತ್ತಿಡಿ. ಬಟ್ಟೆಗೂ ಗಾಜಿಗೂ ನಡುವೆ ನಾಲ್ಕು ಅಲಸಂದೆ ಕಾಳು ಸಿಕ್ಕಿಸಿ. ಲೋಟದ ಹೊರಗೆ, ಕಾಳಿಗಿಂತ ಎರಡು ಬೆರಳು ಕೆಳಗೆ, ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೀರು ಆ ಗೆರೆಯವರೆಗೆ ಮಾತ್ರ. ಬೀಜಕ್ಕೆ ಪಸೆ ಬೇಕು, ಮುಳುಗುವಷ್ಟು ನೀರು ಬೇಡ ಅನ್ನೋ ಪಾಠ ಆ ಗೆರೆಯಲ್ಲೇ ಇದೆ.

ಎರಡು ಮೂರು ದಿನದಲ್ಲಿ ಕಾಳು ಉಬ್ಬಿ, ಅದರ ಕಣ್ಣಿನ ಪಕ್ಕದಿಂದ ಬಿಳಿ ಬೇರು ಇಣುಕುತ್ತದೆ. ಕಾಳನ್ನು ತಲೆಕೆಳಗಾಗಿ ಇಟ್ಟಿದ್ದರೂ ಬೇರು ಬಾಗಿ ಕೆಳಕ್ಕೇ ಹೋಗುತ್ತದೆ. ಅದು ಉದ್ದ ಆದಮೇಲೆ ನೀರು ಚೆಲ್ಲಿ, ಲೋಟವನ್ನು ಅಡ್ಡ ಮಲಗಿಸಿ. ಬಟ್ಟೆ ಮಾತ್ರ ಒದ್ದೆಯಾಗಿರಲಿ. ಮಾರನೇ ದಿನ ನೋಡಿ, ಬೇರಿನ ತುದಿ ಮತ್ತೆ ನೆಲದ ಕಡೆ ತಿರುಗಿರುತ್ತದೆ. ಇದನ್ನು ಮಗಳ ಕೈಯಲ್ಲೇ ಮಾಡಿಸಿ, ಅವಳೇ ಕಂಡುಹಿಡಿಯಲಿ.

ಎಲೆ ಬಿಟ್ಟಮೇಲೆ ಕುಂಡ ಬೇಕು. ಅದಕ್ಕೆ ತೋಟದ ಅಡಿಕೆ ಹಾಳೆ ಇದೆಯಲ್ಲ! ನೆನೆಸಿ, ಮಡಚಿ, ಕಡ್ಡಿ ಚುಚ್ಚಿ, ಅಡಿಗೆ ತೂತು ಮಾಡಿ. ಮಣ್ಣಿಗೆ ಸ್ವಲ್ಪ ಮರಳು, ಹಳೇ ಗೊಬ್ಬರ ಸೇರಿಸಿ. ಮಳೆ ಹೊಡೆಯದ, ಬೆಳಕು ಬೀಳುವ ಜಗಲಿ ತುದಿಯಲ್ಲಿಡಿ. ಮುಂದೆ ಹಾಳೆ ಸಮೇತ ನೆಲಕ್ಕೆ ಇಳಿಸಿದರಾಯಿತು, ಅದು ಕೊಳೆತು ಮಣ್ಣಾಗುತ್ತದೆ, ಬೇರಿಗೆ ಪೆಟ್ಟಾಗುವುದಿಲ್ಲ.

ಅಂಗಡಿ ಪೊಟ್ಟಣದ ಬೀಜ ಗುಲಾಬಿ ಅಥವಾ ನೀಲಿ ಬಣ್ಣದ್ದಾಗಿದ್ದರೆ ಸಾಮಾನ್ಯವಾಗಿ ಔಷಧಿ ಸವರಿದ್ದು, ಮಕ್ಕಳ ಕೈಗೆ ಕೊಡಬೇಡಿ. ಅಡುಗೆಮನೆ ಡಬ್ಬಿಯ ಅಲಸಂದೆಯೇ ಸಾಕು, ತೀರಾ ಹಳೆಯದು ಅಥವಾ ಹುಳ ಹಿಡಿದದ್ದು ಬೇಡ.